ರಿಲೇ, ಫ್ಯೂಸ್ ಮತ್ತು ಮೋಟಾರು ಗಾಡಿ

1831ರ ಸುಮಾರಿನಲ್ಲಿ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿ ಪಟ್ಟಣದ ವಿದ್ಯಾಶಾಲೆಯಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಜೋಸೆಫ್ ಹೆನ್ರಿ ಎಂಬ ಉಪಾಧ್ಯಾಯರು ಕೊಠಡಿಯೊಂದರ ಗೋಡೆಗಳ ಮೇಲೆ ಒಂದು ಮೈಲಿಗಿಂತಲೂ ಉದ್ದವಾದ ತಂತಿಯನ್ನು ಸುತ್ತುಸುತ್ತಾಗಿ ಎಳೆದು, ಅದರ ಒಂದು ಕೊನೆಗೆ ವಿದ್ಯುತ್ಕೋಶವನ್ನೂ ಮತ್ತೊಂದು ಕೊನೆಗೆ ವಿದ್ಯುದಯಸ್ಕಾಂತವನ್ನೂ ಜೋಡಿಸಿ, ಈ ಕೊನೆಯಲ್ಲಿ ತಂತಿಯನ್ನು ಮುಟ್ಟಿಸಿದೊಡನೆ ಆ ಕೊನೆಯಲ್ಲಿ ಗಂಟೆ ನುಡಿಯುವಂತೆ ಮಾಡಿ ತೋರಿಸಿದರು. ಅದೇ ವರ್ಷ ಅವರು ಯೇಲ್ ವಿದ್ಯಾಪೀಠಕ್ಕಾಗಿ ನಿರ್ಮಿಸಿಕೊಟ್ಟ ಬೇರೊಂದು ಅಯಸ್ಕಾಂತವು 2000 ಪೌಂಡಿಗೂ ಮಿಗಿಲಾದ ಭಾರವನ್ನು ಎತ್ತಿ ಹಿಡಿಯಿತು. ದೂರದಿಂದ ಅಪ್ಪಣೆಯನ್ನು ತರಬಲ್ಲ ಅಯಸ್ಕಾಂತ ಒಂದು, ಹತ್ತಿರದಲ್ಲಿದ್ದು ಭಾರವನ್ನು ಹೊರಬಲ್ಲ ಅಯಸ್ಕಾಂತ ಇನ್ನೊಂದು. ಈ ಎರಡನ್ನೂ ಕಟ್ಟಿದ ಕೈಗೆ ಅವುಗಳನ್ನು ಒಂದರ ಹಿಂದೊಂದು ಜೋಡಿಸುವ ಯೋಚನೆ ಬಂದುದು ಸಹಜವೇ ಆಗಿತ್ತು. ಪ್ರಿನ್ಸ್‌ಟನ್ನಿನಲ್ಲಿ ಪ್ರಾಧ್ಯಾಪಕರಾದ ಮೇಲೆ, 1835ರ ಸುಮಾರಿಗೆ, ದೂರದಿಂದ ಬಂದ ಕ್ಷೀಣಪ್ರವಾಹವು ಒಂದು ಪುಟ್ಟ ತಂತಿಯ ತುಂಡನ್ನು ಅಲುಗಿಸುವಂತೆಯೂ, ಅದು ಅಲುಗಿದ ಮಾತ್ರಕ್ಕೆ ಹತ್ತಿರದ ಪ್ರಬಲ ಅಯಸ್ಕಾಂತದ ಮಂಡಲವು ತುಂಡಾಗಿ, ಅದು ಹಿಡಿದಿದ್ದ ಭಾರವು ದೊಪ್ಪನೆ ನೆಲಕ್ಕೆ ಬೀಳುವಂತೆಯೂ ಏರ್ಪಡಿಸಿ, ಅವರು ತಮ್ಮ ಶಿಷ್ಯರನ್ನು ವಿಸ್ಮಯಗೊಳಿಸುತ್ತಿದ್ದರು.

ಇಂದು ನಮ್ಮ ಪ್ರತಿಯೊಂದು ಕಾರಿನ ಬಾನೆಟ್ಟಿನ ಕೆಳಗೆ, ಬೆಂಕಿಪೆಟ್ಟಿಗೆಗಿಂತಲೂ ಚಿಕ್ಕದಾದ ಕರಿಯ ಘನಾಕೃತಿಗಳ ರೂಪದಲ್ಲಿ ಸಾಲಾಗಿ ಕುಳಿತಿರುವ ರಿಲೇ ಎಂಬ ಸಾಧನದ ಮೂಲತತ್ತ್ವವು ಇಷ್ಟೇ: ಆಜ್ಞೆಯ ದಾರಿಯೇ ಬೇರೆ, ಕೆಲಸದ ದಾರಿಯೇ ಬೇರೆ. ಆಜ್ಞೆಗೆ ಅಲ್ಪಪ್ರವಾಹ ಸಾಕು, ತೆಳುತಂತಿ ಸಾಕು, ಬೆರಳ ತುದಿಯ ಸ್ವಿಚ್ಚು ಸಾಕು. ಕೆಲಸಕ್ಕೆ ಮಾತ್ರ ದಪ್ಪ ತಂತಿಯೂ ದೃಢವಾದ ಸಂಪರ್ಕಬಿಂದುಗಳೂ ಬ್ಯಾಟರಿಯ ಸಾಮೀಪ್ಯವೂ ಬೇಕು. ಮೋಟಾರು ಗಾಡಿಯ ಚರಿತ್ರೆಯಲ್ಲಿ ಎಂಜಿನ್ನಿಗೂ ಗೇರಿಗೂ ಟೈರಿಗೂ ದೊರೆತಿರುವ ಗೌರವದಲ್ಲಿ ಒಂದಂಶವೂ ಈ ತತ್ತ್ವಕ್ಕಾಗಲಿ, ಇದರ ಜೊತೆಗಾರನಾದ ಫ್ಯೂಸಿಗಾಗಲಿ ದೊರೆತಿಲ್ಲವೆಂಬುದು ನನ್ನ ಬಹುಕಾಲದ ಅಸಮಾಧಾನ. ಗಾಡಿಯನ್ನು ಓಡಿಸಿದುದು ಎಂಜಿನ್ನೇ ಸರಿ. ಆದರೆ ರಾತ್ರಿಯಲ್ಲಿ, ಮಳೆಯಲ್ಲಿ, ಘಟ್ಟದ ತಿರುವಿನಲ್ಲಿ, ಒಂಟಿ ಪ್ರಯಾಣಿಕರು ಸಹ ನಿರ್ಭಯವಾಗಿ ಹತ್ತಬಹುದಾದ ಗಾಡಿಯನ್ನಾಗಿ ಅದನ್ನು ಮಾಡಿದುದು ತಂತಿಗಳ ಈ ವ್ಯವಸ್ಥೆ.

ರಿಲೇಯು ಮೊದಲು ಸೇವೆ ಸಲ್ಲಿಸಿದುದು ತಂತಿವಾರ್ತೆಯಲ್ಲಿ. ತಂತಿಯು ಉದ್ದವಾದಷ್ಟೂ ಅದರ ರೋಧವು ಬೆಳೆದು, ಪ್ರವಾಹವು ಕ್ಷೀಣಿಸಿ, ಹತ್ತಾರು ಮೈಲಿಗಳಾಚೆ ಬರೆವ ಯಂತ್ರವನ್ನು ಅಲುಗಿಸಲಾರದಷ್ಟು ದುರ್ಬಲವಾಗುವುದನ್ನು ಕಂಡವರು, ಬಂದ ದುರ್ಬಲ ಪ್ರವಾಹದಿಂದ ಸ್ಥಳೀಯ ಬ್ಯಾಟರಿಯ ಮಂಡಲವನ್ನು ಕೂಡಿಸಿ ಬಿಡಿಸುವ ಉಪಾಯವನ್ನು ಹಿಡಿದರು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಡೇವಿಯವರು 1838ರಲ್ಲಿ ಇಂಥದೊಂದಕ್ಕೆ ಪೇಟೆಂಟು ಪಡೆದರು. 1844ರ ಮೇ ತಿಂಗಳಲ್ಲಿ ಮೋರ್ಸ್ ಅವರು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ವಾರ್ತೆಯನ್ನು ಕಳುಹಿಸಿದ ಮೇಲೆ ರಿಲೇಯು ಜಗತ್ತಿನ ತಂತಿಕಚೇರಿಗಳಲ್ಲೆಲ್ಲ ಸ್ಥಾನವನ್ನು ಪಡೆಯಿತು. ನಮ್ಮ ದೇಶದಲ್ಲಿ ಓಷಾಘ್ನೆಸಿಯವರ ಉದ್ಯಮದಿಂದ 1850ರ ದಶಕದ ಮಧ್ಯಭಾಗದ ವೇಳೆಗೆ ಕಲಕತ್ತೆ, ಆಗ್ರಾ, ಮುಂಬಯಿ, ಮದರಾಸುಗಳನ್ನು ತಂತಿಯು ಕೂಡಿಸಿತು.

ಫ್ಯೂಸಿನ ಜನ್ಮಕ್ಕೂ ತಂತಿಕಚೇರಿಯೇ ತೊಟ್ಟಿಲು. ಸಿಡಿಲು ಬಡಿದಾಗ ಕಂಬಗಳ ಮೇಲಿನ ತಂತಿಯ ಮೂಲಕ ಒಳನುಗ್ಗಿದ ವಿದ್ಯುತ್ತು ಯಂತ್ರಗಳನ್ನು ಸುಡುವುದನ್ನೂ ಕೆಲಸಗಾರರನ್ನು ಗಾಸಿಗೊಳಿಸುವುದನ್ನೂ ಕಂಡು, ಪ್ಯಾರಿಸ್ಸಿನ ಬ್ರೆಗೆ ಅವರು 1847ರಲ್ಲಿ, ಕಚೇರಿಯೊಳಗೆ ಬರುವ ಮುನ್ನ ತಂತಿಯ ಒಂದು ಭಾಗವನ್ನು ಬೇಕೆಂದೇ ಸಣ್ಣದಾಗಿ ಮಾಡಿ, ಸಿಡಿಲು ಬಂದರೆ ಅದೇ ಮೊದಲು ಉರಿದು ತುಂಡಾಗಲಿ ಎಂದು ಸೂಚಿಸಿದರು. ಹಿರಿಯರು ಕೆರೆಯನ್ನು ಕಟ್ಟುವಾಗ, ಏರಿಯು ಎಲ್ಲಿಯಾದರೂ ಒಡೆಯುವ ಬದಲು ನೀರು ಹೊರಳಬೇಕಾದ ಸ್ಥಳವನ್ನು ತಾವೇ ಗೊತ್ತುಮಾಡಿ ಕೋಡಿಯನ್ನು ಬಿಡುತ್ತಿದ್ದರಷ್ಟೆ. ಅದೇ ವಿವೇಕ ಇಲ್ಲಿಯೂ ಇದೆ. ವಿಪತ್ತು ಬರುವುದಾದರೆ ನಾವು ನೇಮಿಸಿದ ಸ್ಥಳಕ್ಕೆ ಬರಲಿ ಎಂಬ ಈ ನಿರ್ಧಾರಕ್ಕೆ ಎಡಿಸನ್ನರು ದೀಪದ ಕಾಲದಲ್ಲಿ ವ್ಯಾಪಕವಾದ ರೂಪವನ್ನು ಕೊಟ್ಟರು. ಮನೆಮನೆಗೆ ವಿದ್ಯುತ್ತನ್ನು ಹಂಚಬೇಕಾದರೆ ಒಂದು ಮನೆಯ ದೋಷವು ಬೀದಿಯನ್ನೆಲ್ಲ ಕತ್ತಲಿಗೆ ದೂಡಬಾರದೆಂದು, 1880ರಲ್ಲಿ ಅವರು ದೀಪಗಳಿಗಾಗಿ ಕರಗುವ ರಕ್ಷಣಾವಾಹಕಕ್ಕೆ ಪೇಟೆಂಟು ಪಡೆದರು. ತಂತಿಯು ಎಷ್ಟು ಪ್ರವಾಹಕ್ಕೆ ಕರಗುವುದೆಂಬುದನ್ನು ವಿಲಿಯಂ ಪ್ರೀಸ್ ಅವರು ಪ್ರಯೋಗಗಳಿಂದ ಅಳೆದು, ಅದು ತಂತಿಯ ವ್ಯಾಸದ ಒಂದೂವರೆಯ ಘಾತಕ್ಕೆ ಅನುಗುಣವಾಗಿರುವುದೆಂಬ ನಿಯಮವನ್ನು ಕೊಟ್ಟರು. ಒಳಗೆ ಹುಟ್ಟುವ ಉಷ್ಣಕ್ಕೂ ಮೈಯಿಂದ ಹೊರಗೆ ಹೋಗುವ ಉಷ್ಣಕ್ಕೂ ನಡೆಯುವ ಲೆಕ್ಕಾಚಾರವೇ ಇದರ ಹಿನ್ನೆಲೆ. 1890ರಲ್ಲಿ ಮಾರ್ಡೆ ಅವರು ಕರಗುವ ತಂತಿಯನ್ನು ಕೊಳವೆಯೊಳಗೆ ಮುಚ್ಚಿಟ್ಟು, ಕಿಡಿಯು ಹೊರಗೆ ಹಾರದಂತೆ ಮಾಡಿದರು. ಅಲ್ಲಿಂದ ಮುಂದೆ ಫ್ಯೂಸು ಕೈಯಲ್ಲಿ ಹಿಡಿದು ಬದಲಿಸಬಹುದಾದ ವಸ್ತುವಾಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದ ತರುವಾಯ, ಬಿಳಿಯ ಪಿಂಗಾಣಿಯ ಹಿಡಿಯೊಳಗಿನ ಫ್ಯೂಸು ಕನ್ನಡ ನಾಡಿನ ಮನೆಗಳ ಬಾಗಿಲ ಬಳಿಯ ಗೋಡೆಯ ಮೇಲೂ ಕಾಣತೊಡಗಿತು.

ಹೀಗೆ ಈ ಎರಡು ಸಾಧನಗಳೂ ಸಿದ್ಧವಾಗಿದ್ದ ಕಾಲದಲ್ಲಿಯೇ ಹುಟ್ಟಿದ ಮೋಟಾರು ಗಾಡಿಯು ಬಹುಕಾಲ ಇವೆರಡನ್ನೂ ಬಳಸಲಿಲ್ಲ. ಅದಕ್ಕೆ ಅವು ಬೇಕಾಗಿಯೂ ಇರಲಿಲ್ಲ. 1886ರ ಬೆಂಜ್ ಗಾಡಿಯಲ್ಲಿ ವಿದ್ಯುತ್ತಿಗೆ ಇದ್ದ ಏಕೈಕ ಕಾರ್ಯವು ಎಂಜಿನ್ನಿನೊಳಗೆ ಕಿಡಿಯನ್ನು ಹಾರಿಸುವುದು. ದೀಪಕ್ಕೆ ಎಣ್ಣೆ, ಆಮೇಲೆ ಕಾರ್ಬೈಡಿಗೆ ನೀರನ್ನು ತೊಟ್ಟಿಕ್ಕಿಸಿ ಪಡೆದ ಅಸಿಟಿಲೀನ್ ಅನಿಲ. ಹಾರನ್ನಿಗೆ ಕೈಯಿಂದ ಹಿಸುಕುವ ರಬ್ಬರಿನ ಬುರುಡೆ. ಎಂಜಿನ್ನನ್ನು ಎಬ್ಬಿಸಲು ಕಬ್ಬಿಣದ ಹ್ಯಾಂಡಲ್ಲು. ಬಾಷ್ ಅವರ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೊನೊಲ್ಡ್ ಅವರು 1902ರಲ್ಲಿ ಸಿದ್ಧಪಡಿಸಿದ ಅಧಿಕವಿಭವದ ಮ್ಯಾಗ್ನೆಟೋ ಬಂದ ಮೇಲಂತೂ ಬ್ಯಾಟರಿಯ ಹಂಗೂ ತಪ್ಪಿತು. ಹ್ಯಾಂಡಲ್ಲು ಹಿಂದಕ್ಕೆ ಒದೆದು ಮಣಿಕಟ್ಟು ಮುರಿದುಕೊಂಡ ಚಾಲಕರು ಪ್ರತಿಯೊಂದು ದೇಶದಲ್ಲಿಯೂ ಇದ್ದರೆಂಬುದೊಂದನ್ನು ಬಿಟ್ಟರೆ, ವಿದ್ಯುತ್ತಿನ ದೃಷ್ಟಿಯಿಂದ ಆ ಗಾಡಿಗಳು ನಿರಪಾಯಕರವಾಗಿದ್ದುವು.

ಈ ಸ್ಥಿತಿಯನ್ನು ಬದಲಿಸಿದವರು ಅಮೆರಿಕದ ಡೇಟನ್ ಪಟ್ಟಣದ ಚಾರ್ಲ್ಸ್ ಕೆಟರಿಂಗ್ ಅವರು. ಅಂಗಡಿಗಳಲ್ಲಿ ಹಣವನ್ನಿಡುವ ಯಂತ್ರಗಳ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದಾಗ, ಕ್ಷಣಮಾತ್ರ ತಿರುಗಿ ನಿಲ್ಲಬೇಕಾದ ಮೋಟಾರಿಗೆ ಅದರ ನಿತ್ಯಶಕ್ತಿಯನ್ನು ಮೀರಿದ ಹೊರೆಯನ್ನು ಹೊರಿಸಬಹುದೆಂಬುದನ್ನು ಅವರು ಕಂಡುಕೊಂಡಿದ್ದರು. ಕ್ಯಾಡಿಲಾಕ್ ಸಂಸ್ಥೆಯ ಲೀಲಂಡ್ ಅವರಿಗಾಗಿ ಅವರು ಮೊದಲು ಮಾಡಿಕೊಟ್ಟ ಇಗ್ನಿಷನ್ ವ್ಯವಸ್ಥೆಯಲ್ಲಿಯೇ, ಬ್ಯಾಟರಿಯು ಬೇಗನೆ ಬರಿದಾಗದಂತೆ ನೋಡಿಕೊಳ್ಳುವ ಒಂದು ಪುಟ್ಟ ಅಯಸ್ಕಾಂತದ ರಿಲೇ ಇತ್ತು. 1912ರ ಕ್ಯಾಡಿಲಾಕಿನಲ್ಲಿ ಅವರ ಡೆಲ್ಕೋ ಸಂಸ್ಥೆಯ ಸೆಲ್ಫ್‌ಸ್ಟಾರ್ಟರ್, ಡೈನಮೋ, ವಿದ್ಯುದ್ದೀಪಗಳು ಒಂದೇ ಸಂಸಾರವಾಗಿ ಸೇರಿದುವು. ಮರುವರ್ಷ ಬಾಷ್ ಸಂಸ್ಥೆಯೂ ಯೂರೋಪಿನಲ್ಲಿ ಡೈನಮೋ, ಬ್ಯಾಟರಿ, ದೀಪಗಳ ಸಮಗ್ರ ವ್ಯವಸ್ಥೆಯನ್ನು ಮಾರಲಾರಂಭಿಸಿತು. ಅಲ್ಲಿಂದ ಮುಂದೆ ಮೋಟಾರು ಗಾಡಿಯು ತನ್ನದೇ ವಿದ್ಯುದಾಗಾರವನ್ನು ಹೊತ್ತುಕೊಂಡು ಓಡತೊಡಗಿತು.

ಆ ವಿದ್ಯುದಾಗಾರದ ಮೊತ್ತಮೊದಲ ಕಾವಲುಗಾರನು ರಿಲೇಯೇ ಆಗಿದ್ದನು. ಡೈನಮೋ ವೇಗವಾಗಿ ತಿರುಗುವಾಗ ಬ್ಯಾಟರಿಗಿಂತ ಹೆಚ್ಚಿನ ವಿಭವವನ್ನು ಉಂಟುಮಾಡಿ ಅದನ್ನು ತುಂಬಿಸುವುದು ಸರಿ. ಗಾಡಿಯು ನಿಂತಾಗ ಅಥವಾ ಎಂಜಿನ್ನು ಮೆಲ್ಲಗೆ ಓಡುವಾಗ ಡೈನಮೋದ ವಿಭವವು ಬ್ಯಾಟರಿಗಿಂತ ಕೆಳಗಿಳಿದು, ಪ್ರವಾಹವು ಹಿಂದಿರುಗಿ, ತುಂಬಿದ ಬ್ಯಾಟರಿಯು ಡೈನಮೋದೊಳಗೆ ಸೋರಿ ಬರಿದಾಗುವುದಲ್ಲದೆ ಡೈನಮೋದ ಸುರುಳಿಯೂ ಸುಟ್ಟುಹೋದೀತು. ಇದಕ್ಕೆ ಪರಿಹಾರವಾಗಿ ಬಂದುದು, ನಮ್ಮ ಮೆಕ್ಯಾನಿಕರು ಇಂದಿಗೂ ಕಟೌಟ್ ಎಂದು ಕರೆಯುವ ಸಾಧನ. ಅದರ ಒಂದೇ ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿಗಳು: ನವಿರಾದ ತಂತಿಯ ಅನೇಕ ಸುತ್ತುಗಳುಳ್ಳ ಒಂದು ಸುರುಳಿಯು ಡೈನಮೋದ ವಿಭವವನ್ನು ಗಮನಿಸುತ್ತಿದ್ದು, ಅದು ಸಾಕಷ್ಟಾದ ಕೂಡಲೇ ಪಟ್ಟಿಯನ್ನು ಸೆಳೆದು ಸಂಪರ್ಕವನ್ನು ಕೂಡಿಸುವುದು; ದಪ್ಪ ತಂತಿಯ ಕೆಲವೇ ಸುತ್ತುಗಳುಳ್ಳ ಇನ್ನೊಂದು ಸುರುಳಿಯಲ್ಲಿ ಬ್ಯಾಟರಿಗೆ ಹೋಗುವ ಪ್ರವಾಹವೇ ಹರಿದು ಆ ಸೆಳೆತವನ್ನು ದೃಢಪಡಿಸುವುದು; ಆದರೆ ಪ್ರವಾಹವು ಹಿಮ್ಮುಖವಾದ ಕ್ಷಣದಲ್ಲಿ ಈ ಎರಡನೆಯ ಸುರುಳಿಯ ಕಾಂತತ್ವವು ಮೊದಲನೆಯದಕ್ಕೆ ವಿರೋಧವಾಗಿ ನಿಂತು, ಸ್ಪ್ರಿಂಗು ಗೆದ್ದು, ಸಂಪರ್ಕವು ತಾನಾಗಿಯೇ ಬಿಟ್ಟುಕೊಳ್ಳುವುದು. ಚಾಲಕನಿಗೆ ಇದಾವುದೂ ತಿಳಿಯದು. ಅವನು ಕಾಣುವುದು ಡ್ಯಾಷ್‌ಬೋರ್ಡಿನ ಕೆಂಪು ದೀಪವು ಎಂಜಿನ್ನಿನ ವೇಗದೊಡನೆ ಆರುವುದನ್ನು ಮಾತ್ರ. ಯಾವ ಅಳತೆಗೋಲಿನಿಂದ ನೋಡಿದರೂ ಇದು ಅತ್ಯಂತ ಸುಂದರವಾದ ಯೋಜನೆ. 1960ರಿಂದೀಚೆಗೆ ಆಲ್ಟರ್ನೇಟರ್ ಬಂದು, ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಸಿಲಿಕಾನ್ ಡಯೋಡುಗಳು ಕಟೌಟಿನ ಕೆಲಸವನ್ನು ವಹಿಸಿಕೊಂಡಾಗ, ಒಂದು ಶಬ್ದವೂ ಇಲ್ಲದೆ ಅದು ಮರೆಯಾಯಿತು.

ಫ್ಯೂಸಿನ ಪ್ರವೇಶವು ಇಷ್ಟು ಸುಲಭವಾಗಲಿಲ್ಲ. ಕೋಟಿಯನ್ನು ಮೀರಿದ ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಟಿ ಗಾಡಿಗೆ 1919ರಲ್ಲಿ ಸೆಲ್ಫ್‌ಸ್ಟಾರ್ಟರ್ ಬಂದರೂ ಫ್ಯೂಸು ಬರಲಿಲ್ಲ. 1927ರ ಕೊನೆಗೆ ಬಂದ ಫೋರ್ಡ್ ಎ ಗಾಡಿಯೂ ಫ್ಯೂಸಿಲ್ಲದೆಯೇ ಕಾರ್ಖಾನೆಯಿಂದ ಹೊರಬಿತ್ತು, ಮಾಲಿಕರು ಆಮೇಲೆ ತಾವೇ ಒಂದನ್ನು ಸೇರಿಸಿಕೊಂಡರು. ಕಾರಿನ ತಂತಿಗಳಿಗೆ ಮನೆಯ ತಂತಿಗಳಿಗಿಲ್ಲದ ಒಂದು ಅಪಾಯವುಂಟೆಂಬುದನ್ನು ಇಲ್ಲಿ ಹೇಳಲೇಬೇಕು. ಮನೆಯಲ್ಲಿ ಹೋಗುವ ತಂತಿ, ಬರುವ ತಂತಿ ಎಂದು ಎರಡಿರುತ್ತವೆ. ಕಾರಿನಲ್ಲಿ ಬರುವ ದಾರಿಯೆಂದರೆ ಗಾಡಿಯ ಕಬ್ಬಿಣದ ಮೈಯೇ. ಆದಕಾರಣ, ನಡುಗುವ ಎಂಜಿನ್ನಿನ ಪಕ್ಕದಲ್ಲಿ, ಹರಿತವಾದ ತಗಡಿನ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಹೊದಿಕೆ ಸವೆದ ಯಾವ ತಂತಿಯೇ ಆಗಲಿ, ಮೈಗೆ ತಾಗಿದರೆ ಆ ಕ್ಷಣವೇ ಶಾರ್ಟು. ಬ್ಯಾಟರಿಯ ವಿಭವವು ಆರೋ ಹನ್ನೆರಡೋ ವೋಲ್ಟು ಮಾತ್ರವಾದುದರಿಂದ ಕೈಗೆ ತಾಗಿದರೆ ಏನೂ ಆಗದು, ದಿಟ; ಆದರೆ ಅದು ಕೊಡಬಲ್ಲ ಪ್ರವಾಹವು ನೂರಾರು ಆಂಪಿಯರು. ಅಷ್ಟು ಪ್ರವಾಹವು ಹರಿದರೆ ದೀಪದ ತಂತಿಯು ಕೆಲವೇ ಕ್ಷಣಗಳಲ್ಲಿ ಕೆಂಪಾಗಿ, ಹತ್ತಿ ನೂಲಿನ ಹಳೆಯ ಹೊದಿಕೆಯು ಹೊತ್ತಿಕೊಂಡು, ಪಕ್ಕದ ಪೆಟ್ರೋಲು ಕೊಳವೆಗೆ ಉರಿ ಮುಟ್ಟುವುದಕ್ಕೆ ಹೆಚ್ಚು ಹೊತ್ತು ಬೇಡ.

ಹೀಗಿರಲಾಗಿ ಎಲ್ಲ ತಂತಿಗಳಿಗೂ ಫ್ಯೂಸು ಹಾಕಿದರಾಯಿತಲ್ಲ ಎಂದು ನಮಗೆ ತೋರಬಹುದು. ಅಂದಿನ ಎಂಜಿನಿಯರುಗಳ ಮುಂದಿದ್ದ ಸಂದಿಗ್ಧವು ಗಹನವಾದುದು: ರಾತ್ರಿಯಲ್ಲಿ ಐವತ್ತು ಮೈಲಿ ವೇಗದಲ್ಲಿ ಹೋಗುತ್ತಿರುವ ಗಾಡಿಯ ಹೆಡ್‌ಲೈಟಿನ ಫ್ಯೂಸು ಹೋದರೆ, ತಂತಿಯನ್ನು ಉಳಿಸಿದ ಫ್ಯೂಸೇ ಚಾಲಕನ ಪ್ರಾಣವನ್ನು ತೆಗೆದಂತಾಗದೆ? ಈ ಒಂದು ಪ್ರಶ್ನೆಗೆ ಮೂರು ದೇಶಗಳು ಮೂರು ಉತ್ತರಗಳನ್ನು ಕೊಟ್ಟುವು. ಬ್ರಿಟನ್ನಿನವರು ಹೆಡ್‌ಲೈಟಿಗೂ ಇಗ್ನಿಷನ್ನಿಗೂ ಫ್ಯೂಸನ್ನೇ ಇಡಲಿಲ್ಲ. ಕತ್ತಲಿಗಿಂತ ಹೊಗೆ ಮೇಲು ಎಂದು ಭಾವಿಸಿದರು. ಅಮೆರಿಕದವರು ದೀಪದ ಸ್ವಿಚ್ಚಿನೊಳಗೆ, ಎರಡು ಲೋಹಗಳನ್ನು ಬೆಸೆದು ಮಾಡಿದ, ಕಾದರೆ ಬಾಗಿ ಬಿಟ್ಟುಕೊಂಡು ಆರಿದರೆ ಮತ್ತೆ ಕೂಡಿಕೊಳ್ಳುವ ಪಟ್ಟಿಯನ್ನಿಟ್ಟರು. ಶಾರ್ಟಾದಾಗ ದೀಪಗಳು ಆರಿ ಹತ್ತಿ ಆರಿ ಹತ್ತಿ ಚಾಲಕನಿಗೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸುವಷ್ಟು ಬೆಳಕನ್ನು ಕೊಡುತ್ತಿದ್ದುವು. ಜರ್ಮನರು ಎಡದ ದೀಪಕ್ಕೊಂದು, ಬಲದ ದೀಪಕ್ಕೊಂದು ಪ್ರತ್ಯೇಕ ಫ್ಯೂಸನ್ನು ಕೊಟ್ಟು, ಒಂದು ಹೋದರೂ ಇನ್ನೊಂದು ಕಣ್ಣು ಉಳಿಯುವಂತೆ ಮಾಡಿದರು. ಈ ಮೂರರಲ್ಲಿ ಜರ್ಮನರ ಉತ್ತರವೇ ಶ್ರೇಷ್ಠವೆಂದು ನಾನು ತಿಳಿದಿದ್ದೇನೆ; ಇಂದು ಜಗತ್ತಿನ ಗಾಡಿಗಳಲ್ಲೆಲ್ಲ ಆ ಪದ್ಧತಿಯೇ ಬೇರೂರಿರುವುದು ಇದಕ್ಕೆ ಸಾಕ್ಷಿ.

ನಮ್ಮ ದೇಶಕ್ಕೆ ಬಂದುದು ಮೊದಲಿಗೆ ಬ್ರಿಟನ್ನಿನ ಉತ್ತರ. ಮಾರಿಸ್ ಆಕ್ಸ್‌ಫರ್ಡಿನ ವಂಶದ ಅಂಬಾಸಿಡರ್ ಗಾಡಿಯು ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಸಂಸ್ಥೆಯ ಸಂಪ್ರದಾಯವನ್ನೂ ತನ್ನೊಡನೆ ತಂದಿತು. ಆ ಸಂಪ್ರದಾಯದ ಗಾಡಿಯ ಬಾನೆಟ್ಟಿನೊಳಗಿನ ಗೋಡೆಯ ಮೇಲೆ ಗಾಜಿನ ಕೊಳವೆಯ ಎರಡೇ ಎರಡು ಫ್ಯೂಸುಗಳುಳ್ಳ ಒಂದು ಕರಿಯ ಪೆಟ್ಟಿಗೆ: ಹಾರನ್ನಿನಂತಹ, ಯಾವಾಗಲೂ ಜೀವವಿರಬೇಕಾದವಕ್ಕೆ ಒಂದು, ಕೀಲಿಯನ್ನು ತಿರುವಿದಾಗ ಮಾತ್ರ ಜೀವ ಬರುವ ವೈಪರ್, ಬ್ರೇಕ್ ದೀಪ, ಇಂಡಿಕೇಟರ್, ಪೆಟ್ರೋಲ್ ಮೀಟರುಗಳಿಗೆಲ್ಲ ಸೇರಿ ಇನ್ನೊಂದು. ಕಂದು ತಂತಿಯೆಂದರೆ ಬ್ಯಾಟರಿಯ ನಿತ್ಯಪ್ರವಾಹ, ಬಿಳಿಯೆಂದರೆ ಕೀಲಿಯ ಮೂಲಕ ಬಂದುದು, ಅದೇ ಫ್ಯೂಸನ್ನು ದಾಟಿದ ಮೇಲೆ ಹಸಿರು, ನಿತ್ಯಪ್ರವಾಹವು ಫ್ಯೂಸನ್ನು ದಾಟಿದರೆ ನೇರಳೆ, ನೀಲಿಯು ಹೆಡ್‌ಲೈಟಿನದು, ಕೆಂಪು ಬದಿದೀಪದ್ದು, ಕಪ್ಪು ಅರ್ಥಿನದು. ಈ ವರ್ಣಮಾಲೆಯನ್ನು ಕಂಠಪಾಠ ಮಾಡಿದ್ದ ಮೆಕ್ಯಾನಿಕನಿಗೆ ನಕ್ಷೆಯೇ ಬೇಕಾಗುತ್ತಿರಲಿಲ್ಲ. ಮಳೆಯಲ್ಲಿ ವೈಪರ್ ನಿಂತು, ಅದೇ ಕ್ಷಣದಲ್ಲಿ ಪೆಟ್ರೋಲಿನ ಮುಳ್ಳೂ ಸೊನ್ನೆಗೆ ಬಿದ್ದರೆ, ಅದು ಪೆಟ್ರೋಲಿನ ದೋಷವೂ ಅಲ್ಲ, ವೈಪರಿನ ದೋಷವೂ ಅಲ್ಲ, ಎರಡನೆಯ ಫ್ಯೂಸೇ ಹೋಗಿದೆಯೆಂದು ಪಳಗಿದ ಚಾಲಕನು ಸೀಟಿನಿಂದ ಏಳದೆಯೇ ಹೇಳುತ್ತಿದ್ದನು. ಆದರೆ ಆ ಮಳೆಯಲ್ಲಿ ಹೊಸ ಫ್ಯೂಸು ಕೈಗೆ ಸಿಗದಿದ್ದಾಗ, ಸಿಗರೇಟು ಪೆಟ್ಟಿಗೆಯ ಬೆಳ್ಳಿಕಾಗದವನ್ನು ಸುಟ್ಟ ಫ್ಯೂಸಿನ ಮೇಲೆ ಸುತ್ತಿ ಮತ್ತೆ ಅದರ ಸ್ಥಾನದಲ್ಲಿ ಸಿಕ್ಕಿಸಿ ಊರು ಸೇರುವ ಒಂದು ದುರಭ್ಯಾಸವೂ ಇದೇ ಕಾಲದಲ್ಲಿ ಹುಟ್ಟಿ, ಊರು ಸೇರಿದ ಮೇಲೂ ಅದನ್ನು ತೆಗೆಯದ ಔದಾಸೀನ್ಯದಿಂದ ಬೆಳೆಯಿತು. ಲ್ಯೂಕಾಸ್ ಫ್ಯೂಸಿನ ಮೇಲೆ ಬರೆದಿರುತ್ತಿದ್ದ 35 ಎಂಬ ಅಂಕಿಯು ಅದು ಸುಡುವ ಪ್ರವಾಹವನ್ನು ಸೂಚಿಸುತ್ತಿತ್ತೇ ಹೊರತು ಅದು ನಿರಂತರವಾಗಿ ಹೊರಬಲ್ಲ ಪ್ರವಾಹವನ್ನಲ್ಲ. ಅದು ಹೊರಬಲ್ಲದ್ದು ಸುಮಾರು 17 ಆಂಪಿಯರ್ ಮಾತ್ರ. ಇದನ್ನರಿಯದೆ ಬೇರೆ ಪದ್ಧತಿಯ 35ರ ಫ್ಯೂಸನ್ನಿಟ್ಟವರು, ತಂತಿಗೆ ಕಾವಲೇ ಇಲ್ಲದಂತೆ ಮಾಡಿಕೊಂಡರು.

ಇತ್ತ ರಿಲೇಯು ಒಂದೊಂದಾಗಿ ಗಾಡಿಯ ಭಾರಗಳನ್ನು ವಹಿಸಿಕೊಳ್ಳುತ್ತ ಬಂದಿತು. ಸೆಲ್ಫು ತಿರುಗುವಾಗ ಹರಿಯುವ ನೂರಾರು ಆಂಪಿಯರುಗಳನ್ನು ಮೊದಲು ಕಾಲಿನಿಂದ ತುಳಿಯುವ ಭಾರಿ ಸ್ವಿಚ್ಚಿನಿಂದಲೋ ಕೈಯಿಂದೆಳೆಯುವ ಕೇಬಲ್ಲಿನಿಂದಲೋ ಕೂಡಿಸುತ್ತಿದ್ದರು. ಆ ಕೆಲಸವು ಸಾಲೆನಾಯ್ಡ್ ಎಂಬ ದೊಡ್ಡ ರಿಲೇಯ ಪಾಲಿಗೆ ಬಂದ ಮೇಲೆಯೇ, 1949ರ ಕ್ರೈಸ್ಲರ್ ಗಾಡಿಗಳಲ್ಲಿ ಆರಂಭವಾದಂತೆ, ಒಂದು ಕೀಲಿಯನ್ನು ತಿರುವಿ ಎಂಜಿನ್ನನ್ನು ಎಬ್ಬಿಸುವ ಸೌಕರ್ಯ ಸಾಧ್ಯವಾಯಿತು. ಸ್ಟಿಯರಿಂಗಿನ ನಡುವೆ ಕೂತ ಹಾರನ್ನಿನ ಗುಂಡಿಯ ಹಿಂದೆಯೂ ಇದೇ ಏರ್ಪಾಡು.

ಆದರೆ ರಿಲೇಯ ಮಹತ್ತ್ವವು ಸಾಮಾನ್ಯ ಚಾಲಕನ ಕಣ್ಣಿಗೆ ಅಕ್ಷರಶಃ ಕಂಡುದು ಹೆಡ್‌ಲೈಟಿನಲ್ಲಿ. 1971ರಲ್ಲಿ ಬಂದ ಎಚ್4 ಎಂಬ ಹ್ಯಾಲೊಜೆನ್ ಬಲ್ಬಿನ ಹೈಬೀಮಿಗೆ 60 ವಾಟು ಬೇಕು. ಎರಡು ದೀಪಗಳಿಗೆ 120 ವಾಟು, 12 ವೋಲ್ಟಿನಲ್ಲಿ 10 ಆಂಪಿಯರು. ಬ್ಯಾಟರಿಯಿಂದ ಡ್ಯಾಷ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಡಿಪ್ ಸ್ವಿಚ್ಚಿಗೆ, ಅಲ್ಲಿಂದ ಮತ್ತೆ ಗಾಡಿಯ ಮೂತಿಗೆ ಹೋಗುವ ಹಳೆಯ ಸಣ್ಣ ತಂತಿಗಳ, ಸವೆದ ಸಂಪರ್ಕಗಳ ಒಟ್ಟು ರೋಧವು ಕೇವಲ 0.15 ಓಮ್ ಎಂದಿಟ್ಟುಕೊಂಡರೂ, ಒಂದೂವರೆ ವೋಲ್ಟು ದಾರಿಯಲ್ಲಿಯೇ ಸೋರಿಹೋಗುತ್ತದೆ. ಎಂಜಿನ್ನು ಓಡುವಾಗ ಬ್ಯಾಟರಿಯಲ್ಲಿ ಹದಿಮೂರೂವರೆ ವೋಲ್ಟಿದ್ದರೆ ಬಲ್ಬಿಗೆ ಮುಟ್ಟುವುದು ಹನ್ನೆರಡೇ. ಒಂಬತ್ತರಲ್ಲಿ ಒಂದು ಪಾಲು ತಾನೆ ಎಂದು ತೋರಬಹುದು. ಆದರೆ ಬಲ್ಬಿನ ಬೆಳಕು ವಿಭವದ ಸುಮಾರು ಮೂರೂವರೆಯ ಘಾತದಂತೆ ಏರಿಳಿಯುವುದರಿಂದ, ಕಳೆದುಹೋಗುವುದು ಬೆಳಕಿನ ಮೂರನೆಯ ಒಂದು ಭಾಗ! ಚಾರ್ಮಾಡಿಯಲ್ಲಿಯೋ ಶಿರಾಡಿಯಲ್ಲಿಯೋ ಮಂಜು ಮುಸುಕಿದ ರಾತ್ರಿ ಗಾಡಿ ಹತ್ತಿಸಿದವರಿಗೆ, ಮೂರನೆಯ ಒಂದು ಭಾಗದ ಬೆಳಕೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಬೆಂಗಳೂರಿನಲ್ಲಿ ಮೋಟಾರಿನ ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆಯ ಒಂದು ಅಡ್ಡಬೀದಿಯಲ್ಲಿ, ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ನರೊಬ್ಬರು ಹಳೆಯ ಅಂಬಾಸಿಡರೊಂದಕ್ಕೆ ಹ್ಯಾಲೊಜೆನ್ ದೀಪಗಳನ್ನು ಕೂಡಿಸುವುದನ್ನು ನಾನು ನಿಂತು ನೋಡಿದ್ದೇನೆ. ರಿಲೇ ಏಕೆ ಬೇಕು ಮೇಸ್ತ್ರಿಗಳೆ ಎಂದು ಕೇಳಿದಾಗ ಅವರು ಕೆಟ್ಟುಹೋದ ರಿಲೇಯೊಂದರ ಕರಿಯ ಮುಚ್ಚಳವನ್ನು ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿ ನನ್ನ ಅಂಗೈ ಮೇಲಿಟ್ಟರು. ಒಳಗೆ ಕೂದಲಿನಷ್ಟು ನವಿರಾದ ತಾಮ್ರದ ತಂತಿಯ ಉರುಟು ಸುರುಳಿ. ಅದರ ನೆತ್ತಿಗೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ಕಬ್ಬಿಣದ ಪಟ್ಟಿ. ಪಟ್ಟಿಯ ತುದಿಯಲ್ಲಿ ಬೆಳ್ಳಿಯ ಬಣ್ಣದ ಪುಟ್ಟ ಬೊಟ್ಟು, ಎದುರಿನ ಬೊಟ್ಟು ಕಪ್ಪಾಗಿ ಗುಳಿಬಿದ್ದಿತ್ತು. ಉಗುರಿನಿಂದ ಒತ್ತಿದರೆ ಟಕ್ಕೆಂದಿತು. "ಸ್ವಿಚ್ಚು ಬರೀ ಹೇಳ್ಬೇಕು ಸಾರ್, ಕೆಲಸ ಇದು ಮಾಡ್ಬೇಕು. ಎರಡನ್ನೂ ಸ್ವಿಚ್ಚಿನ ತಲೆ ಮೇಲೇ ಹಾಕಿದ್ರೆ ಒಂದಿನ ಅದು ಸುಟ್ಕೊಳ್ಳತ್ತೆ," ಎಂದರು. ಬುಡದ ಕಾಲುಗಳ ಮೇಲೆ ಕೊರೆದ 30, 85, 86, 87 ಎಂಬ ಜರ್ಮನ್ ಪದ್ಧತಿಯ ಅಂಕಿಗಳನ್ನು ಬೆರಳಿಟ್ಟು ತೋರಿಸಿ, ಬ್ಯಾಟರಿಯು ಮೂವತ್ತಕ್ಕೆ, ದೀಪವು ಎಂಬತ್ತೇಳಕ್ಕೆ, ಹಳೆಯ ಸ್ವಿಚ್ಚಿನ ತಂತಿಯೂ ಅರ್ಥೂ ಉಳಿದೆರಡಕ್ಕೆ ಎಂದು ಹೇಳುತ್ತಲೇ ತಂತಿಯನ್ನು ಒತ್ತಿ ಕೂಡಿಸಿದರು. ಬ್ಯಾಟರಿಯಿಂದ ಹೊರಟ ಹೊಸ ತಂತಿಯಲ್ಲಿ ಒಂದು ಗೇಣಿನೊಳಗೇ ಫ್ಯೂಸನ್ನಿಟ್ಟರು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಕಾವಲಿಲ್ಲವಾದುದರಿಂದ ಅದು ಎಷ್ಟು ಗಿಡ್ಡವಿದ್ದರೆ ಅಷ್ಟು ಒಳಿತು ಎಂಬ ಈ ಸೂಕ್ಷ್ಮವನ್ನು ಅವರು ಯಾವ ಶಾಲೆಯಲ್ಲಿಯೂ ಕಲಿತಿರಲಿಲ್ಲ. ಆ ರಿಲೇಯ ಸುರುಳಿಗೆ ಬೇಕಾದುದು ಸುಮಾರು 0.15 ಆಂಪಿಯರು, ಅದು ಆಳುವ ಪ್ರವಾಹವು 30 ಆಂಪಿಯರಿನವರೆಗೆ. ಸುರುಳಿಯ ಪ್ರವಾಹವನ್ನು ತಟಕ್ಕನೆ ಕಡಿದಾಗ ಅದರಲ್ಲಿ ಕ್ಷಣಕಾಲ ಅಧಿಕವಿಭವವು ಚಿಮ್ಮುವುದರಿಂದ, ಇಂದಿನ ರಿಲೇಗಳಲ್ಲಿ ಅದನ್ನು ಹೀರಿಕೊಳ್ಳಲು ಒಂದು ಡಯೋಡನ್ನೋ ರೋಧಕವನ್ನೋ ಸೇರಿಸಿರುತ್ತಾರೆ. ಈ ಸ್ವಯಂಪ್ರೇರಣೆಯನ್ನು 1832ರಲ್ಲಿ ಲೋಕಕ್ಕೆ ತಿಳಿಸಿದವರೂ ಹೆನ್ರಿಯವರೇ ಎಂಬುದನ್ನು ನೆನೆದಾಗ ನನಗೆ ಆ ಮಹನೀಯರಲ್ಲಿ ಗೌರವವು ಇಮ್ಮಡಿಸುತ್ತದೆ.

ಫ್ಯೂಸಿನ ಆಕಾರದಲ್ಲಿ ಆದ ಬದಲಾವಣೆಯನ್ನೂ ಹೇಳಬೇಕು. ಅಮೆರಿಕದ ಹಳೆಯ ಗಾಜಿನ ಫ್ಯೂಸುಗಳಲ್ಲಿ ಒಂದು ಜಾತಿಯು ಹೊರುವ ಆಂಪಿಯರು ಹೆಚ್ಚಿದಂತೆ ಉದ್ದವೂ ಹೆಚ್ಚುವಂತೆ ಮಾಡಲ್ಪಟ್ಟಿದ್ದಿತು. ಚಿಕ್ಕದರ ಸ್ಥಾನದಲ್ಲಿ ದೊಡ್ಡದನ್ನು ತುರುಕಬೇಕೆಂದರೂ ಅದು ಹಿಡಿಸುತ್ತಿರಲಿಲ್ಲ. ಯೂರೋಪಿನ ಗಾಡಿಗಳಲ್ಲಿ ಪಿಂಗಾಣಿಯ ಮೈಯ, ಎರಡು ತುದಿಯೂ ಚೂಪಾದ ಫ್ಯೂಸುಗಳಿದ್ದುವು. ಅವನ್ನು ಹಿಡಿದಿದ್ದ ತಗಡಿನ ಸ್ಪ್ರಿಂಗುಗಳು ತುಕ್ಕು ಹಿಡಿದು ಸಡಿಲವಾಗುತ್ತಿದ್ದುದರಿಂದ, ಫ್ಯೂಸು ಸರಿಯಾಗಿದ್ದರೂ ದೀಪ ಹತ್ತದೆ ಚಾಲಕರನ್ನು ಕಾಡುತ್ತಿದ್ದುವು. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಲಿಟಲ್‌ಫ್ಯೂಸ್ ಸಂಸ್ಥೆಯು ಪ್ಲಾಸ್ಟಿಕ್ಕಿನ ಮೈಯಿಂದ ಎರಡು ಚಪ್ಪಟೆ ಕಾಲುಗಳು ಹೊರಚಾಚಿದ ಬ್ಲೇಡ್ ಫ್ಯೂಸನ್ನು ತಂದ ಮೇಲೆ ಈ ತೊಂದರೆ ನೀಗಿತು. ಕಾಲುಗಳು ಬಿಗಿಯಾಗಿ ಕಚ್ಚಿಕೊಂಡಿದ್ದು, ಒಳಗಿನ ಸತುವಿನ ಪಟ್ಟಿಯು ತುಂಡಾಗಿರುವುದು ಮೇಲಿನಿಂದಲೇ ಕಾಣಿಸುತ್ತದೆ. ಐದು ಆಂಪಿಯರಿಗೆ ತಿಳಿಗಂದು, ಏಳೂವರೆಗೆ ಕಂದು, ಹತ್ತಕ್ಕೆ ಕೆಂಪು, ಹದಿನೈದಕ್ಕೆ ನೀಲಿ, ಇಪ್ಪತ್ತಕ್ಕೆ ಹಳದಿ, ಮೂವತ್ತಕ್ಕೆ ಹಸಿರು ಎಂಬ ವರ್ಣಕ್ರಮವು ಇಂದು ಲೋಕಮಾನ್ಯವಾಗಿದೆ. ಆದರೆ ಇವೆಲ್ಲವೂ ಒಂದೇ ಅಳತೆಯವು. ಉದ್ದದ ಭೇದದಿಂದ ಹಿಂದಿನವರು ಗಳಿಸಿದ್ದ ರಕ್ಷಣೆಯನ್ನು ನಾವು ಕೈಬಿಟ್ಟು, ಬಳಸುವವನ ವಿವೇಕಕ್ಕೆ ಒಪ್ಪಿಸಿದೆವು. ಇದೊಂದು ನಷ್ಟವೆಂದೇ ನನ್ನ ಮತ.

ಇತ್ತೀಚೆಗೆ ಗಾಡಿಯ ತಂತಿಗಳಲ್ಲಿ ಆಜ್ಞೆಯು ಅಂಕಿಗಳ ಭಾಷೆಯಲ್ಲಿ ಸಂಚರಿಸತೊಡಗಿದೆ. ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಪಡಿಸಿದ ಕ್ಯಾನ್ ಎಂಬ ಪದ್ಧತಿಯಲ್ಲಿ ಎರಡೇ ತಂತಿಗಳ ಮೇಲೆ ಅನೇಕ ಆಜ್ಞೆಗಳು ಹರಿಯುತ್ತವೆ, ಅರೆವಾಹಕದ ಸ್ವಿಚ್ಚುಗಳು ಅನೇಕ ರಿಲೇಗಳನ್ನು ಬದಿಗೊತ್ತಿವೆ. ಇಷ್ಟರಿಂದ ರಿಲೇ ಫ್ಯೂಸುಗಳ ಕಾಲ ಮುಗಿಯಿತೆಂದು ಯಾರಾದರೂ ತಿಳಿದಿದ್ದರೆ, ವಿದ್ಯುಚ್ಛಕ್ತಿಯಿಂದಲೇ ಓಡುವ ಕಾರುಗಳು ಆ ಭಾವನೆಯನ್ನು ತಿದ್ದಿವೆ. ಬೆಂಗಳೂರಿನಲ್ಲಿಯೇ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರಿನ ಬ್ಯಾಟರಿಯು 48 ವೋಲ್ಟಿನದು. ಇಂದಿನ ಅನೇಕ ದೊಡ್ಡ ಕಾರುಗಳದು 400 ವೋಲ್ಟಿನ ಆಸುಪಾಸು. ಆ ಬ್ಯಾಟರಿಯನ್ನು ಗಾಡಿಗೆ ಕೂಡಿಸಿ ಬಿಡಿಸುವುದು ಕಾಂಟ್ಯಾಕ್ಟರ್ ಎಂಬ ಭಾರಿ ರಿಲೇ. ಅಪಘಾತವಾದಾಗ ಅದು ಬಿಟ್ಟುಕೊಂಡರೆ ಮಾತ್ರ ಗಾಯಾಳುಗಳನ್ನು ಹೊರಗೆಳೆಯಲು ಬಂದವರು ನಿರ್ಭಯವಾಗಿ ಗಾಡಿಯನ್ನು ಮುಟ್ಟಬಹುದು. ಆಜ್ಞೆಯನ್ನೂ ಶ್ರಮವನ್ನೂ ಬೇರ್ಪಡಿಸಿದ ಆ ತತ್ತ್ವಕ್ಕೆ ಹಿಂದೆಂದೂ ಇಲ್ಲದ ಹೊಣೆ ಈಗ ಬಂದೊದಗಿದೆ.

ಕಡೆಯದಾಗಿ ವಾಹನವುಳ್ಳ ಓದುಗರಲ್ಲಿ ನನ್ನದೊಂದು ಬಿನ್ನಹ. ಫ್ಯೂಸು ಇರುವುದು ದೀಪವನ್ನೋ ರೇಡಿಯೋವನ್ನೋ ಕಾಪಾಡುವುದಕ್ಕಲ್ಲ, ಅವುಗಳಿಗೆ ಹೋಗುವ ತಂತಿಯನ್ನು ಕಾಪಾಡುವುದಕ್ಕೆ. ಅದರ ಅಂಕಿಯನ್ನು ಗೊತ್ತುಮಾಡಿದವರು ತಂತಿಯ ದಪ್ಪವನ್ನು ನೋಡಿ ಗೊತ್ತುಮಾಡಿರುತ್ತಾರೆ. ಆದುದರಿಂದ ಹತ್ತರ ಕೆಂಪು ಫ್ಯೂಸು ಪದೇ ಪದೇ ಹೋಗುತ್ತದೆಯೆಂದು ಅಲ್ಲಿ ಇಪ್ಪತ್ತರ ಹಳದಿಯನ್ನು ಇಡಿಸಬೇಡಿ. ಅದೇಕೆ ಹೋಗುತ್ತಿದೆಯೆಂದು ತಿಳಿದ ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಹೊಸದಾಗಿ ದೀಪವನ್ನೋ ಹಾರನ್ನನ್ನೋ ಹಾಕಿಸುವುದಾದರೆ ರಿಲೇಯನ್ನೂ ಬ್ಯಾಟರಿಯ ಪಕ್ಕದಲ್ಲಿಯೇ ಒಂದು ಫ್ಯೂಸನ್ನೂ ಕೇಳಿ ಹಾಕಿಸಿಕೊಳ್ಳಿ. ಎರಡಕ್ಕೂ ತಗಲುವ ವೆಚ್ಚ ಅತ್ಯಲ್ಪ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಯಾವುದು ಯಾವುದಕ್ಕೆಂಬ ನಕ್ಷೆಯಿರುತ್ತದೆ. ಅದನ್ನು ಹಗಲಿನಲ್ಲಿ ಒಮ್ಮೆ ಓದಿ, ಪ್ರತಿಯೊಂದು ಬಣ್ಣದ ಎರಡೆರಡು ಫ್ಯೂಸುಗಳನ್ನು ಗಾಡಿಯಲ್ಲಿ ಇಟ್ಟುಕೊಳ್ಳಿ.